ರಟ್ಟಿಗೆ ಬೇರೆ ರೇಟು

ಬಂದರಿನ ಹಸನಬ್ಬರ ಗುಜರಿಯಲ್ಲಿ
ರಟ್ಟಿಗೆ ಬೇರೆ ರೇಟು, ಹಾಳೆಗೆ ಬೇರೆ.
ಎರಡನ್ನೂ ಅಗಲಿಸುವುದು ನನ್ನ ಕೆಲಸ.
ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದರೆ
ಎಂಥ ದಪ್ಪ ಪುಸ್ತಕವೂ
ಬಂಗುಡೆಯ ಕಿವಿರು ಕಿತ್ತು ಬಂದ ಹಾಗೆ ಬರುತ್ತದೆ.
ವಾರಿಜಕ್ಕ ಕಲಿಸಿದ್ದು. ಅವರು ಮೊದಲು ಧಕ್ಕೆಯಲ್ಲಿ
ಮೀನು ಕೊಯ್ಯುತ್ತಿದ್ದವರು.

"ಓದ್ಲಿಕ್ಕೆ ಹೋಗ್ಬೇಡ ಮಾರಾಯ್ತಿ,
ಓದಿದ್ರೆ ಹರಿಯಲಿಕ್ಕೆ ಕೈ ಬರುದಿಲ್ಲ."

ನಾನೆಲ್ಲಿ ಓದುವುದು! ಹತ್ತರಲ್ಲಿ ಫೇಲು, ಗಣಿತಕ್ಕೆ ಹನ್ನೊಂದು.
ಆದರೆ ಚಾ ಬರುವವರೆಗೆ ಕೈ ಸುಮ್ಮನಿರಬೇಕಲ್ಲ.
ರಾಶಿಯ ಮೇಲಿದ್ದ ಪುಸ್ತಕದಲ್ಲಿ
ಒಂದು ಬೆಳಿಗ್ಗೆ ಕಡಲೇ ಎದ್ದು ಹೋಗಿತ್ತು,
ಬಾಡಿಗೆ ಬಾಕಿ ಇಟ್ಟವರ ಹಾಗೆ, ಯಾರಿಗೂ ಹೇಳದೆ.
ಉಳಿದದ್ದು ಮರಳು, ಮರಳಲ್ಲಿ ಮಗ್ಗುಲಾದ ದೋಣಿಗಳು,
ದೋಣಿಗೆ ಚಕ್ರ ಕಟ್ಟಲು ಹೊರಟ ಒಬ್ಬಳು ಹುಡುಗಿ.

ಗೋಡೆಯಾಚೆ ಹೊಳೆ ಇತ್ತು,
ಅಳಿವೆಗೆ ಹೊರಟ ಬೋಟಿನ ಡೀಸೆಲ್ ವಾಸನೆ ಇತ್ತು.
ಆದರೂ ಎದ್ದು ಹೋಗಿ
ಒಮ್ಮೆ ನೋಡಿಕೊಂಡು ಬಂದೆ.

ಕೊನೆಯ ಹಾಳೆಗಳಿರಲಿಲ್ಲ.
ಯಾರ ಕಡ್ಲೆ ಪೊಟ್ಟಣವಾದವೋ,
ಚಕ್ರ ತಿರುಗಿತೋ ಇಲ್ಲವೋ.

ಅಂದಿನಿಂದ ಗೋಣಿ ಬಿಚ್ಚಿದಾಗಲೆಲ್ಲ ಅದನ್ನೇ ಹುಡುಕುತ್ತೇನೆ,
ಸಿಗುವುದೆಲ್ಲ ಬೇರೆ.
ಒಂದು ಪತ್ತೇದಾರಿ: ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮ
ಪೆನ್ಸಿಲಿನಲ್ಲಿ ಬರೆದಿದ್ದಾನೆ, ಕೊಂದವನು ಕಂಪೌಂಡರ್.
ಗೊತ್ತಿದ್ದೂ ಓದಿದೆ. ಕಂಪೌಂಡರ್ ಬಾಗಿಲಿಗೆ ಬಂದಾಗೆಲ್ಲ
ಹೆದರಿಕೆ ಇನ್ನೂ ಜಾಸ್ತಿ.
ಬಿಜೈಯ ಯಾವುದೋ ಮನೆಯ ಅಡುಗೆ ಪುಸ್ತಕ,
ಅಂಚಿನಲ್ಲಿ ನೀಲಿ ಶಾಯಿ: ವಿನೆಗರ್ ಕಡಿಮೆ,
ಫೆಲಿಕ್ಸನಿಗೆ ಎದೆ ಉರಿ.
ಐದು ಪುಟ ಕಳೆದ ಮೇಲೆ ಶಾಯಿ ಬೇರೆ, ಕೈ ನಡುಗಿದೆ:
ವಿನೆಗರ್ ಇನ್ನು ಎಷ್ಟಾದರೂ ಹಾಕಬಹುದು.
ಒಂದು ದೆವ್ವದ ಕಥೆ, ಅಂಗೈಯಷ್ಟಗಲ. ಅದನ್ನು ಗಟ್ಟಿಯಾಗಿ ಓದಿದ ದಿನ
ವಾರಿಜಕ್ಕ ಬಸ್‌ಸ್ಟ್ಯಾಂಡಿನವರೆಗೂ ನನ್ನ ಕೈ ಬಿಡಲಿಲ್ಲ.

ಕದ್ರಿಯಲ್ಲಿ ಒಂದು ಬಂಗಲೆ ಕೆಡವಿದ ವಾರ
ಬಂತು ನೀಲಿ ಬಟ್ಟೆಯ ಬೈಂಡು, ಚಿನ್ನದ ಗೆರೆ,
ಒಳಗೆ ಕೈಬರಹದಲ್ಲಿ: ನೂರರಲ್ಲಿ ಮೂವತ್ತೇಳನೆಯದು.
ಹಾಳೆಗಳ ಅಂಚು ಯಾರೂ ಕತ್ತರಿಸಿರಲಿಲ್ಲ,
ಮಡಿಕೆಯೊಳಗೆ ಮಡಿಕೆ, ಬಿಡಿಸದ ಪೂಂಬೆಯ ಹಾಗೆ.

ಮುಕುಂದ ಮಲ್ಯರು ಕಾರಿನಿಂದ ಇಳಿದವರೇ
ಜೇಬಿನಿಂದ ಬಿಳಿ ಕೈಚೀಲ ತೆಗೆದು ಬೆರಳಿಗೆ ತೊಟ್ಟರು.
"ಕತ್ತಿ ತಾಗಿಸಬೇಡಿ. ಹೀಗೇ ಇದ್ದರೆ ಎಂಟು ಸಾವಿರ.
ಒಂದು ಮಡಿಕೆ ಬಿಡಿಸಿದರೂ ಇನ್ನೂರು.
ಯಾರೂ ಓದಿಲ್ಲ ನೋಡಿ, ಅದೇ ಇದರ ಬೆಲೆ."
ಶನಿವಾರ ದುಡ್ಡು ತರುತ್ತೇನೆಂದು ಹೋದರು.

ನನ್ನ ಕಡಲು ಹೋದ ಪುಸ್ತಕಕ್ಕೆ
ಹಸನಬ್ಬರು ಹೇಳಿದ್ದು ಕಿಲೋಗೆ ಹನ್ನೆರಡು.
ಬೆನ್ನು ಮುರಿಯುವವರೆಗೆ ಓದಿಸಿಕೊಂಡಿತ್ತು ಅದು.

ಬುಧವಾರ ಕರೆಂಟು ಹೋಯಿತು.
ಮೊಬೈಲಿನ ಬೆಳಕು ಹಿಡಿದು, ಅಡಿಯ ಬದಿಯಿಂದ
ಮಡಿಕೆಯನ್ನು ಒಂದಿಷ್ಟು ಉಬ್ಬಿಸಿ, ಒಂದು ಕಣ್ಣು ಮುಚ್ಚಿ
ಬಾವಿಗೆ ಬಗ್ಗಿದ ಹಾಗೆ ಬಗ್ಗಿದೆ.
ಕವಿತೆಗಳು. ಅರ್ಧ ಸಾಲು, ಆಮೇಲೆ ಕತ್ತಲೆ:
ದೀಪ ತಂದವಳ ಮಣಿಗಂಟು…
…ನಷ್ಟೇ ಉಪ್ಪು…
ಉಳಿದ ಅರ್ಧ ನಾನೇ ಹೇಳಿಕೊಂಡೆ.
ಗುರುವಾರ ಒಂಬತ್ತು ಪುಟ, ಶುಕ್ರವಾರ ಇಪ್ಪತ್ತು.
ಕುತ್ತಿಗೆ ಉಳುಕಿತು. ಅಂಚು ಉಳುಕಲಿಲ್ಲ.

ಶನಿವಾರ ಮಲ್ಯರು ತಿರುಗಿಸಿ ಮುರುಗಿಸಿ ನೋಡಿ
ಮಗುವಿನ ಹಾಗೆ ಎದೆಗೆತ್ತಿಕೊಂಡರು.
"ಯಾರ ಕಣ್ಣೂ ಬಿದ್ದಿಲ್ಲ" ಅಂದರು.
ವಾರಿಜಕ್ಕನಿಗೆ ಕೆಮ್ಮು ಬಂತು, ನಿಲ್ಲಲಿಲ್ಲ,
ಹಸನಬ್ಬರು ನೀರು ತರಿಸಬೇಕಾಯಿತು.

ಕಾರು ಹೋದ ಮೇಲೆ ಇಬ್ಬರೂ ಕೂತು ಹರಿದೆವು,
ರಟ್ಟು ಆಚೆ, ಹಾಳೆ ಈಚೆ.
ತಕ್ಕಡಿಯ ಕೆಳಗೆ ನನ್ನ ಪುಸ್ತಕ,
ರಟ್ಟು ಇನ್ನೂ ಬಿಟ್ಟಿಲ್ಲ.

"ಆ ಕಡಲು," ಅಂದರು ವಾರಿಜಕ್ಕ, ಕೈ ನಿಲ್ಲಿಸದೆ,
"ವಾಪಾಸು ಬಂತಾ?"
"ಗೊತ್ತಿಲ್ಲ ಅಕ್ಕ. ಆ ಹಾಳೆ ಸಿಕ್ಕಿಲ್ಲ."
ಅವರು ಹರಿಯಲು ಎತ್ತಿದ್ದನ್ನು ಕೆಳಗಿಟ್ಟು
ಬೆರಳಿಗೆ ಎಂಜಲು ಹಚ್ಚಿ
ಕೊನೆಯಿಂದ ಮಗುಚತೊಡಗಿದರು.